ಆಕ್ಟೋಪಸ್ ಕರುಳಿನ ಏಕಕೋಶ ಪರಾವಲಂಬಿಗಳು: ಸಸೂನ್ ಡಾಕ್‌ನಿಂದ ಸ್ಲೈಡಿನವರೆಗೆ

ಮುಂಬಯಿಯ ಸಸೂನ್ ಡಾಕ್‌ನಲ್ಲಿ ಬೆಳಗಿನ ಜಾವ ಹರಾಜಾಗುವ ಆಕ್ಟೋಪಸ್ಸಿನ ಕರುಳನ್ನು ಸೀಳಿ ಬೆಳಕಿಗೆ ಹಿಡಿದರೆ, ಕೆಲವೊಮ್ಮೆ ಒಳಗೋಡೆಯಲ್ಲಿ ಗಸಗಸೆ ಮೆತ್ತಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಅದು ಕೊಬ್ಬೂ ಅಲ್ಲ, ಮರಳೂ ಅಲ್ಲ. ಒಂದೊಂದು ಚುಕ್ಕೆಯೂ ಒಂದು ಪರಾವಲಂಬಿ ಜೀವಿಯ ಚೀಲ, ಅಂದರೆ ಊಸಿಸ್ಟ್. ಒಳಗೆ ನೂರಾರು ಸ್ಪೋರೋಸಿಸ್ಟ್‌ಗಳು, ಅಂದರೆ ಗಟ್ಟಿ ಕವಚದ ಸಣ್ಣ ಕಾಳಿನಂಥವು, ಒತ್ತೊತ್ತಾಗಿ ತುಂಬಿರುತ್ತವೆ. ಈ ಜೀವಿಯ ಕುಲದ ಹೆಸರು ಅಗ್ರಿಗೇಟಾ. ಮಲೇರಿಯಾದ ಪ್ಲಾಸ್ಮೋಡಿಯಂ, ಕೋಳಿಗಳಿಗೆ ರಕ್ತಭೇದಿ ತರುವ ಐಮೇರಿಯಾ ಇವೆಲ್ಲ ಸೇರಿರುವ ಎಪಿಕಾಂಪ್ಲೆಕ್ಸಾ ಗುಂಪಿನದೇ ಇದೂ.

ಫ್ರಾನ್ಸಿನ ಎಮೆ ಶ್ನೈಡರ್ ಆಕ್ಟೋಪಸ್ಸಿನಲ್ಲಿ ಇದನ್ನು ವಿವರಿಸಿದ್ದು 1875ರಲ್ಲಿ. ಕೊಲಾಬಾದಲ್ಲಿ ಸಮುದ್ರ ತುಂಬಿಸಿದ ನೆಲದ ಮೇಲೆ ಸಸೂನ್ ಡಾಕ್ ಎದ್ದದ್ದೂ ಅದೇ ವರ್ಷ. 1885ರಲ್ಲಿ ಫ್ರೆಂಜೆಲ್ ಅಗ್ರಿಗೇಟಾ ಎಂಬ ಕುಲನಾಮ ಕೊಟ್ಟ. ಈ ಜೀವಿಗೆ ಬದುಕಲು ಎರಡು ಮನೆ ಬೇಕು. ಏಡಿ, ಸಿಗಡಿಯಂಥ ಚಿಪ್ಪುಜೀವಿಯ ಕರುಳಿನಲ್ಲಿ ಅಲೈಂಗಿಕವಾಗಿ ಒಂದರಿಂದ ಹಲವಾಗುತ್ತದೆ. ಆ ಏಡಿಯನ್ನು ಆಕ್ಟೋಪಸ್ ಅಥವಾ ಕಟ್ಲ್‌ಫಿಶ್ ತಿಂದ ಮೇಲೆ ಅದರ ಜೀರ್ಣಾಂಗದಲ್ಲಿ ಗಂಡು ಹೆಣ್ಣು ಹಂತಗಳು ಬೆಳೆದು, ಕೂಡಿ, ಊಸಿಸ್ಟ್ ಆಗುತ್ತವೆ. ಮಲದ ಜೊತೆ ಹೊರಬಿದ್ದ ಸ್ಪೋರೋಸಿಸ್ಟ್ ಮತ್ತೆ ಏಡಿಯ ಹೊಟ್ಟೆ ಸೇರುತ್ತದೆ. ಹಾಗಾಗಿ ಆಕ್ಟೋಪಸ್ಸಿನಿಂದ ಆಕ್ಟೋಪಸ್ಸಿಗೆ ಇದು ನೇರವಾಗಿ ಅಂಟುವುದಿಲ್ಲ, ಮನುಷ್ಯರಿಗಂತೂ ಅಂಟುವ ಜೀವಿಯೇ ಅಲ್ಲ. ಆಕ್ಟೋಪಸ್ಸಿಗೆ ಮಾತ್ರ ಇದರ ಕಾಟ ಸಣ್ಣದಲ್ಲ. ಕರುಳಿನ ಒಳಪದರ ಕಿತ್ತುಹೋಗಿ, ತಿಂದದ್ದು ಮೈಗೆ ಹತ್ತದ ಸ್ಥಿತಿ ಬರುತ್ತದೆ.

ಪ್ರಾಣಿಶಾಸ್ತ್ರ ಓದುವ ಬಿ.ಎಸ್‌ಸಿ., ಎಂ.ಎಸ್‌ಸಿ. ಮಕ್ಕಳು ಕಾಲೇಜಿನ ಸಾಮಾನ್ಯ ಪ್ರಯೋಗಾಲಯದಲ್ಲೇ ಮಾಡಬಹುದಾದ ಕೆಲಸವಿದು. ದುಬಾರಿ ಯಂತ್ರ ಬೇಡ, ಶಿಸ್ತು ಬೇಕು. ಅಳತೆ ಇಲ್ಲದ, ಯಾವ ಅಂಗದಿಂದ ತೆಗೆದದ್ದೆಂದು ಬರೆಯದ ಸ್ಲೈಡ್ ಎಷ್ಟೇ ಚಂದವಿದ್ದರೂ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕೆಳಗಿನ ಹಂತಗಳಲ್ಲಿ ಅಳತೆ ಮತ್ತು ಚೀಟಿಯ ಮಾತು ಮತ್ತೆ ಮತ್ತೆ ಬರುವುದು ಅದಕ್ಕೇ.

ಆಕ್ಟೋಪಸ್ ಎಲ್ಲಿ, ಹೇಗೆ ಕೊಳ್ಳುವುದು

ಜೀವಂತ ಪ್ರಾಣಿ ಬೇಡ. ಬಂದರಿಗೆ ಸತ್ತು ಬರುವುದೇ ಸಾಕು, ಇದಕ್ಕಾಗಿ ಒಂದು ಜೀವ ತೆಗೆಯುವ ಅಗತ್ಯವಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟ್‌ನಿಂದ ಮೇವರೆಗೆ ಟ್ರಾಲರ್‌ಗಳ ಮಾಲಿನಲ್ಲಿ ಕಟ್ಲ್‌ಫಿಶ್, ಸ್ಕ್ವಿಡ್ ಜೊತೆ ಆಕ್ಟೋಪಸ್ಸೂ ಬರುತ್ತದೆ. ನಮ್ಮೂರ ಕಡೆ ಬೊಂಡಾಸ್ ಅನ್ನುವುದಕ್ಕೆ (ಸ್ಕ್ವಿಡ್, ಕಟ್ಲ್‌ಫಿಶ್) ಇಲ್ಲಿಯವರು ಮಾಕುಲ್ ಅನ್ನುತ್ತಾರೆ. ಆಕ್ಟೋಪಸ್ ಕೇಳುವಾಗ ಎಂಟು ಕಾಲಿನದು ಎಂದು ಬೆರಳು ಮಾಡಿ ತೋರಿಸಿಬಿಡಿ, ಗೊಂದಲ ಇರುವುದಿಲ್ಲ.

ಸಸೂನ್ ಡಾಕ್‌ಗೆ ಬರುವ ದೊಡ್ಡ ಟ್ರಾಲರ್‌ಗಳು ಹಲವು ದಿನ ಕಡಲಲ್ಲೇ ಇರುತ್ತವೆ. ದೋಣಿಯ ತಳದಲ್ಲಿರುವ ಮಾಲು ಐಸಿನಲ್ಲಿ ವಾರ ಕಳೆದಿರಬಹುದು. ಕೊನೆಯ ದಿನದ ಬಲೆಯದ್ದೇ ಬೇಕೆಂದು ಕೇಳಿ. ಸ್ಪೋರೋಸಿಸ್ಟ್‌ಗಳ ಕವಚ ಗಟ್ಟಿ, ಐಸಿನಲ್ಲಿ ನಾಲ್ಕು ದಿನ ಕಳೆದರೂ ಸಿಗುತ್ತವೆ. ಆದರೆ ಕರುಳಿನ ಒಳಪದರ ಅಷ್ಟರಲ್ಲಿ ಕೊಳೆತು ಬಿಡುತ್ತದೆ, ಮೂತ್ರಪಿಂಡದ ಸಿಲಿಯೇಟ್‌ಗಳಂತೂ (ಮೈಮೇಲೆ ಲೋಮಾಂಗಗಳಿರುವ ಏಕಕೋಶ ಜೀವಿಗಳು) ಹೇಳಹೆಸರಿಲ್ಲ. ಸಿಲಿಯೇಟ್ ನೋಡಲೇಬೇಕೆಂದಿದ್ದರೆ ಬೆಳಿಗ್ಗೆ ಹೋಗಿ ಸಂಜೆ ಮರಳುವ ಸಣ್ಣ ದೋಣಿಯವರನ್ನೇ ಹಿಡಿಯಬೇಕು.

ಮಾರುವ ಕೋಳಿ ಸಮುದಾಯದ (ಇಲ್ಲಿನ ಮೀನುಗಾರರು) ಹೆಂಗಸರಿಗೆ ಮೊದಲೇ ಹೇಳಿ: "ಮಾವಶಿ, ಸಾಫ್ ಕರೂ ನಕಾ," ಅಂದರೆ ಚಿಕ್ಕಮ್ಮ, ಸ್ವಚ್ಛ ಮಾಡಬೇಡಿ. ಇಲ್ಲದಿದ್ದರೆ ನೀವು ದುಡ್ಡು ಎಣಿಸುವಷ್ಟರಲ್ಲಿ ಹೊಟ್ಟೆ ಬಗೆದು, ಬೇಕಾದ ಭಾಗವನ್ನೇ ಎಸೆದು, ತೊಳೆದು ಕೊಟ್ಟುಬಿಡುತ್ತಾರೆ.

ಒಂದೊಂದು ಆಕ್ಟೋಪಸ್ಸನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ, ಎರಡು ಪದರ ಹಾಕಿ, ಗಂಟು ಬಿಗಿದು ಥರ್ಮಾಕೋಲ್ ಪೆಟ್ಟಿಗೆಯ ಐಸಿನ ನಡುವೆ ಇಡಿ. ಕರಗಿದ ಐಸಿನ ಸಿಹಿನೀರು ಪ್ರಾಣಿಗೆ ತಾಗಬಾರದು. ಕಡಲ ಜೀವಕೋಶಕ್ಕೆ ಸಿಹಿನೀರು ಬಿದ್ದರೆ ನೀರು ಒಳನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಫ್ರೀಜರಿನಲ್ಲಿ ಇಡಲೇಬೇಡಿ. ಹೆಪ್ಪುಗಟ್ಟುವಾಗ ಐಸಿನ ಹರಳು ಅಂಗಾಂಶವನ್ನು ಹರಿದುಹಾಕುತ್ತದೆ. ಆಮೇಲೆ ಸೆಕ್ಷನ್ (ಅಂಗಾಂಶದ ತೆಳು ಹೋಳು) ಕತ್ತರಿಸಿದರೆ ಕಾಣುವ ತೂತುಗಳು ರೋಗದವೋ ಫ್ರೀಜರಿನವೋ ಹೇಳುವುದು ಕಷ್ಟ.

ಮೊದಲೇ ಸಿದ್ಧ ಮಾಡಿಕೊಳ್ಳಬೇಕಾದ್ದು

10, 40 ಮತ್ತು 100 ಪಟ್ಟಿನ ಮಸೂರಗಳಿರುವ ಸೂಕ್ಷ್ಮದರ್ಶಕ, ಐಪೀಸ್ ಮೈಕ್ರೋಮೀಟರ್, ಒಮ್ಮೆ ಅಳತೆ ಹೊಂದಿಸಿಕೊಳ್ಳಲು ಸ್ಟೇಜ್ ಮೈಕ್ರೋಮೀಟರ್, ನ್ಯೂಬಾವರ್ ಎಣಿಕೆ ಫಲಕ, ಸ್ಲೈಡ್, 22 ಮಿಲಿಮೀಟರ್ ಚದರದ ಕವರ್‌ಸ್ಲಿಪ್, ಡಿಸೆಕ್ಷನ್ ಟ್ರೇ, ಚೂಪು ಮತ್ತು ಮೊಂಡು ತುದಿಯ ಎರಡು ಕತ್ತರಿ, ಎರಡು ಚಿಮಟ, ನೈಟ್ರೈಲ್ ಗ್ಲವ್ಸ್. ಕಾಲೇಜಿನಲ್ಲಿ ಇಲ್ಲದ್ದು ಪ್ರಿನ್ಸೆಸ್ ಸ್ಟ್ರೀಟ್‌ನ ಅಂಗಡಿಗಳಲ್ಲಿ ಸಿಗುತ್ತದೆ.

ಗ್ಲವ್ಸ್ ಪುಡಿ ಇಲ್ಲದ್ದೇ ಆಗಬೇಕು. ಪುಡಿ ಇರುವ ಗ್ಲವ್ಸಿನಿಂದ ಉದುರುವ ಜೋಳದ ಪಿಷ್ಟದ ಕಣ ಗಾತ್ರದಲ್ಲಿ ಹೆಚ್ಚೂ ಕಡಿಮೆ ಸ್ಪೋರೋಸಿಸ್ಟಿನಷ್ಟೇ ಇರುತ್ತದೆ. ಸ್ಲೈಡಿನಲ್ಲಿ ಅದನ್ನು ನೋಡಿ "ಸಿಕ್ಕಿತು" ಎಂದು ಎಣಿಸಿದರೆ ದಿನವೇ ವ್ಯರ್ಥ. ಅನುಮಾನ ಬಂದರೆ ಅಂಚಿನಲ್ಲಿ ಒಂದು ಹನಿ ಅಯೋಡಿನ್ ದ್ರಾವಣ ಬಿಡಿ, ಪಿಷ್ಟವಾದರೆ ಕಡುನೀಲಿಗೆ ತಿರುಗುತ್ತದೆ.

ತೊಳೆಯಲು, ಸ್ಲೈಡಿಗೆ ಹನಿ ಹಾಕಲು ಎಲ್ಲಕ್ಕೂ ಕಡಲ ನೀರೇ ಬೇಕು. ಬಂದರಿನ ಒಳಗಿನ ನೀರು ಎಣ್ಣೆ, ಕೊಳೆಯಿಂದ ಕೂಡಿದ್ದು, ಅದು ಬೇಡ. ಅಕ್ವೇರಿಯಂ ಅಂಗಡಿಯ ಕಡಲುಪ್ಪನ್ನು ಲೀಟರ್ ಬಟ್ಟಿ ಇಳಿಸಿದ ನೀರಿಗೆ 35 ಗ್ರಾಂ ಹಾಕಿ ಕರಗಿಸಿ, ಫಿಲ್ಟರ್ ಕಾಗದದಲ್ಲಿ ಸೋಸಿಟ್ಟುಕೊಳ್ಳಿ.

ಸ್ಥಿರೀಕರಣಕ್ಕೆ, ಅಂದರೆ ಅಂಗಾಂಶ ಕೊಳೆಯದೆ ಇದ್ದ ಹಾಗೇ ಉಳಿಯಲು, ಮೂರು ಬಾಟಲಿ:

1. ಶೇ 10ರ ಫಾರ್ಮಲಿನ್. ಅಂಗಡಿಯ ಫಾರ್ಮಾಲ್ಡಿಹೈಡ್ (ಶೇ 37–40) 100 ಮಿ.ಲೀ., ಸೋಸಿದ ಕಡಲ ನೀರು 900 ಮಿ.ಲೀ. ಸೆಕ್ಷನ್ ಕೆಲಸಕ್ಕೆ ಇದು.
2. ಬೂಯಾನ್ ದ್ರಾವಣ. ಪಿಕ್ರಿಕ್ ಆಮ್ಲದ ಪರ್ಯಾಪ್ತ (ಇನ್ನು ಕರಗದಷ್ಟು ಕರಗಿಸಿದ) ದ್ರಾವಣ 75 ಮಿ.ಲೀ., ಫಾರ್ಮಾಲ್ಡಿಹೈಡ್ 25 ಮಿ.ಲೀ., ಅಸಿಟಿಕ್ ಆಮ್ಲ 5 ಮಿ.ಲೀ. ಮೂತ್ರಪಿಂಡದ ಲೇಪಗಳಿಗೆ ಇದೇ ಒಳ್ಳೆಯದು.
3. ಶೇ 95ಕ್ಕೆ ಕಡಿಮೆ ಇಲ್ಲದ ಎಥನಾಲ್. ಮುಂದೆ ಡಿಎನ್‌ಎ ಪರೀಕ್ಷೆ ಮಾಡಿಸುವ ಅವಕಾಶ ಸಿಕ್ಕರೆ ಎಂದು.

ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ. ಬಾಟಲಿಯ ಮುಚ್ಚಳದ ಅಂಚಿನಲ್ಲಿ ಹಳದಿ ಹರಳು ಕಂಡರೆ ತಿರುಗಿಸಲು ಹೋಗದೆ ಪ್ರಯೋಗಾಲಯದ ಹಿರಿಯರಿಗೆ ತಿಳಿಸಿ. ಫಾರ್ಮಲಿನ್ ಕೆಲಸವೆಲ್ಲ ಫ್ಯೂಮ್ ಹುಡ್‌ನಲ್ಲೇ ನಡೆಯಲಿ. ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಮಾಡಿದರೆ ಆವಿ ಎಲ್ಲರ ಕಣ್ಣು ಮೂಗಿಗೇ ಹೋಗುತ್ತದೆ.

ಕೊಯ್ಯುವ ಮುನ್ನ

ಹೊಟ್ಟೆ ತೆರೆಯುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಆಶ್ರಯ ಕೊಟ್ಟ ಪ್ರಾಣಿ ಯಾವುದೆಂದು ಗೊತ್ತಿಲ್ಲದೆ ಪರಾವಲಂಬಿಯ ಬಗ್ಗೆ ಏನೂ ಹೇಳಲಾಗದು. ಮೇಲಿನಿಂದ, ಕೆಳಗಿನಿಂದ, ತೋಳುಗಳ ನಡುವಿನ ಪರೆಯನ್ನು ಬಿಡಿಸಿ, ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಕಣ್ಣಿನ ಮುಂದೆ, ತೋಳಿನ ಬುಡದ ಹತ್ತಿರ ಕಪ್ಪು ಮಚ್ಚೆಯ ಒಳಗೆ ಹೊಳೆಯುವ ಉಂಗುರವಿದ್ದರೆ ಬರೆದುಕೊಳ್ಳಿ. ಆಂಫಿಯಾಕ್ಟೋಪಸ್ ಕುಲದ ಕೆಲವು ಜಾತಿಗಳಿಗೆ ಅದಿದೆ, ಕೆಲವಕ್ಕೆ ಇಲ್ಲ. ತೋಳುಗಳ ಬುಡದ ಪರೆಯಲ್ಲಿ ಸಣ್ಣ ಜೇಬುಗಳಿದ್ದರೆ ಅದು ಸಿಸ್ಟೋಪಸ್ ಕುಲ.

ಎರಡು ಕಣ್ಣುಗಳ ಮಧ್ಯಬಿಂದುವಿನಿಂದ ಮೈಚೀಲದ ತುದಿಯವರೆಗಿನ ಉದ್ದ ಮತ್ತು ಒಟ್ಟು ತೂಕ ಬರೆಯಿರಿ. ಹೆಚ್ಚಿನ ಜಾತಿಗಳಲ್ಲಿ ಬಲಗಡೆಯ ಮೂರನೆಯ ತೋಳಿನ ತುದಿ ಹೀರುಬಟ್ಟಲಿಲ್ಲದೆ ಚಮಚದಂತಿದ್ದರೆ ಗಂಡು. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಬಾಲ್‌ಪೆನ್ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ. ಪ್ರಾಣಿಯ ಸಂಖ್ಯೆ, ದಿನಾಂಕ, ಬಂದರು, ಅಂಗ, ದ್ರಾವಣ ಈ ಐದೂ ಪ್ರತಿ ಚೀಟಿಯಲ್ಲಿ ಇರಬೇಕು, ಚೀಟಿ ಬಾಟಲಿಯ ಒಳಗೆ ಇರಬೇಕು. ಹೊರಗೆ ಅಂಟಿಸಿದ್ದು ಮುಂಬಯಿಯ ಮಳೆಗಾಲದಲ್ಲಿ ಎರಡು ತಿಂಗಳು ನಿಲ್ಲುವುದಿಲ್ಲ.

ಕೊಯ್ಯುವ ಕ್ರಮ

ಸೈಫನ್ ಕೊಳವೆ ಮೇಲೆ ಬರುವಂತೆ ಮಲಗಿಸಿ. ಮೈಚೀಲದ ಬಾಯಂಚಿನಿಂದ ತುದಿಯವರೆಗೆ ನಡುಗೆರೆಯಲ್ಲಿ, ಮೊಂಡು ತುದಿಯ ಕತ್ತರಿಯಿಂದ, ತುದಿಯನ್ನು ಮೇಲಕ್ಕೆತ್ತಿ ಹಿಡಿದೇ ಕತ್ತರಿಸುತ್ತಾ ಹೋಗಿ. ಮಧ್ಯದಲ್ಲಿ ಒಳಾಂಗವನ್ನೂ ಮೈಚೀಲವನ್ನೂ ಸೇರಿಸುವ ಒಂದು ಸ್ನಾಯು ಅಡ್ಡ ಬರುತ್ತದೆ, ಅದನ್ನು ಮೈಚೀಲದ ಕಡೆಯಲ್ಲೇ ಕತ್ತರಿಸಿ. ಈಗ ಎರಡೂ ಬದಿಯ ಕಿವಿರು, ನಡುವೆ ಎರಡು ಮೂತ್ರಪಿಂಡದ ಚೀಲ, ಮುಂದುಗಡೆ ಕಂದು ಬಣ್ಣದ ಜೀರ್ಣಗ್ರಂಥಿ ಕಾಣುತ್ತವೆ.

ಆ ಗ್ರಂಥಿಯ ಮೇಲ್ಮೈಯಲ್ಲಿ ಹುದುಗಿ ಕೂತ ಬೆಳ್ಳಿಗಪ್ಪು ಚೀಲವೇ ಶಾಯಿಚೀಲ. ಇದಕ್ಕೆ ಕತ್ತರಿ ತಾಗಿತೋ ಕೆಲಸ ಕೆಟ್ಟಿತು. ಶಾಯಿಯ ಮೆಲನಿನ್ ಕಣಗಳು ಪ್ರತಿ ಸ್ಲೈಡಿಗೂ ಹತ್ತಿ, ಎಷ್ಟು ತೊಳೆದರೂ ಬಿಡದೆ, 100 ಪಟ್ಟಿನಲ್ಲಿ ಕುಣಿಯುವ ಕಪ್ಪು ಚುಕ್ಕಿಗಳಾಗಿ ಎಲ್ಲವನ್ನೂ ಮುಚ್ಚುತ್ತವೆ. ಶಾಯಿನಾಳವನ್ನು ಹೊಲಿಗೆ ದಾರದಿಂದ ಕಟ್ಟಿ, ಚೀಲವನ್ನು ಅದರ ಸುತ್ತಲಿನ ಗ್ರಂಥಿಯ ಚೂರಿನ ಸಮೇತ ಎತ್ತಿ ಬೇರೆ ಬಟ್ಟಲಲ್ಲಿಡಿ.

ಮೊದಲು ಕೈಹಾಕಬೇಕಾದ್ದು ಮೂತ್ರಪಿಂಡಕ್ಕೆ. ಅಲ್ಲಿನ ಜೀವಿಗಳು ಬೇಗ ಸಾಯುತ್ತವೆ, ಕರುಳಿನವು ಕಾಯುತ್ತವೆ. ಚೀಲ ತೆರೆದರೆ ರಕ್ತನಾಳಕ್ಕೆ ಅಂಟಿಕೊಂಡ ಸ್ಪಂಜಿನಂಥ ಮಾಸಲು ಗೊಂಚಲು ಸಿಗುತ್ತದೆ. ಅದರಿಂದ 2–3 ಮಿ.ಮೀ. ತುಂಡನ್ನು ಚಿಮಟದಲ್ಲಿ ಹಿಡಿದು ಸ್ಲೈಡಿನ ಮೇಲೆ ಹಗುರವಾಗಿ ಒತ್ತಿ ಎತ್ತಿ, ನಾಲ್ಕೈದು ಜಾಗದಲ್ಲಿ. ಒಂದು ಸ್ಲೈಡಿಗೆ ಕಡಲ ನೀರಿನ ಹನಿ ಹಾಕಿ ಕೂಡಲೇ 10 ಪಟ್ಟಿನಲ್ಲಿ ನೋಡಿ. ಉಳಿದವನ್ನು ಒಣಗಲು ಬಿಡದೆ ಹಸಿಯಾಗಿರುವಾಗಲೇ ಬೂಯಾನ್‌ಗೆ ಇಳಿಸಿ. ಒಣಗಿದ ಮೇಲೆ ಮುಳುಗಿಸಿದರೆ ಸಿಲಿಯೇಟ್‌ಗಳು ಚಪ್ಪಟೆಯಾಗಿ ಒಡೆದು ಕಲೆಯಷ್ಟೇ ಉಳಿಯುತ್ತದೆ.

ಇಲ್ಲಿ ಒಂದು ದೊಡ್ಡ ತಪ್ಪು ಆಗಾಗ ಆಗುತ್ತದೆ. ಮೂತ್ರಪಿಂಡದಲ್ಲಿ ಹುಳುವಿನಂತೆ ಉದ್ದವಾಗಿ, ಮೈತುಂಬ ಲೋಮಾಂಗಗಳಿಂದ ಹೊರಳುವ ಜೀವಿಗಳೆಲ್ಲ ಏಕಕೋಶದವಲ್ಲ. ಕಡಲತಳದಲ್ಲಿ ಬಾಳುವ ಆಕ್ಟೋಪಸ್ಸುಗಳಲ್ಲಿ ಹೆಚ್ಚಾಗಿ ಸಿಗುವುದು ಡೈಸಿಯಮಿಡ್‌ಗಳು, ಅವು ಬಹುಕೋಶ ಜೀವಿಗಳು. ಕೆಲವೇ ಹತ್ತು ಕೋಶಗಳು ಮಧ್ಯದ ಒಂದು ಉದ್ದನೆಯ ಕೋಶವನ್ನು ಸುತ್ತುವರಿದಿರುತ್ತವೆ, ಅಷ್ಟೇ ಅವುಗಳ ಮೈ. ಬೆಲ್ಜಿಯಂನ ಎಡುವಾರ್ ವಾನ್ ಬೆನೆಡೆನ್ 1876ರಲ್ಲಿ ಇವಕ್ಕಾಗಿ ಮೀಸೋಜೋವಾ ಎಂಬ ಹೆಸರನ್ನೇ ಕಟ್ಟಿದ. ಕ್ರೋಮಿಡೈನಾ ಎಂಬ ಸಿಲಿಯೇಟ್ ಹೊರನೋಟಕ್ಕೆ ಇದರದೇ ತದ್ರೂಪು, ಆದರೆ ಇಡೀ ಮೈ ಒಂದೇ ಕೋಶ. ಅದು ಹೆಚ್ಚಾಗಿ ತೆರೆಕಡಲ ಸ್ಕ್ವಿಡ್‌ನಂಥವುಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಬಣ್ಣ ಹಾಕದೆ ಇವೆರಡನ್ನು ಬೇರೆ ಮಾಡಲು ಹೋಗಬೇಡಿ. ಶೇ 1ರ ಅಸಿಟಿಕ್ ಆಮ್ಲದಲ್ಲಿ ಶೇ 1ರಷ್ಟು ಮೀಥೈಲ್ ಗ್ರೀನ್ ಕರಗಿಸಿ, ಕವರ್‌ಸ್ಲಿಪ್‌ನ ಅಂಚಿಗೆ ಒಂದು ಹನಿ ಬಿಟ್ಟು ಎದುರು ಅಂಚಿನಿಂದ ಒತ್ತುಕಾಗದದಲ್ಲಿ ಎಳೆಯಿರಿ. ಎರಡು ಮೂರು ನಿಮಿಷಕ್ಕೆ ಡೈಸಿಯಮಿಡ್‌ನಲ್ಲಿ ಬೇರೆ ಬೇರೆ ದುಂಡು ಕೋಶಕೇಂದ್ರಗಳು ಹಸಿರಾಗಿ ಎದ್ದು ಕಾಣುತ್ತವೆ. ಕ್ರೋಮಿಡೈನಾದಲ್ಲಿ ಹಸಿರು ಮೈಯುದ್ದಕ್ಕೂ ಬಲೆಯಂತೆ ಹರಡಿರುತ್ತದೆ.

ಕರುಳಿನ ಕೆಲಸ

ಬಾಯಿಯ ಕೊಕ್ಕಿನಿಂದ ಗುದದವರೆಗಿನ ಜೀರ್ಣನಾಳವನ್ನು ಪೂರ್ತಿ ಬಿಡಿಸಿ ಟ್ರೇಯಲ್ಲಿ ಉದ್ದಕ್ಕೆ ಹರಡಿ: ಅನ್ನನಾಳ, ಕ್ರಾಪ್, ಜಠರ, ಸುರುಳಿ ಸುತ್ತಿದ ಸೀಕಂ, ಕರುಳು. ಹುಡುಕಾಟ ಸೀಕಂ ಮತ್ತು ಕರುಳಿನಿಂದ ಶುರುವಾಗಲಿ. ಕ್ರಾಪ್, ಜಠರಗಳ ಒಳಗೆ ಗಟ್ಟಿ ಪೊರೆಯಿದೆ, ಸೀಕಂ ಮತ್ತು ಕರುಳಿನಲ್ಲಿ ಅದಿಲ್ಲ. ಸೋಂಕು ಜೋರಾಗಿದ್ದರೆ ಕ್ರಾಪ್‌ನಲ್ಲೂ, ಕೆಲವೊಮ್ಮೆ ಕಿವಿರಿನಲ್ಲೂ ಬಿಳಿ ಚುಕ್ಕೆ ಕಾಣುತ್ತದೆ. ಕ್ರಾಪ್ ಒಳಗಿನ ಏಡಿಕಾಲು, ಸಿಗಡಿಚಿಪ್ಪಿನ ಚೂರುಗಳನ್ನು ಎಸೆಯದೆ ಆಲ್ಕೋಹಾಲಿನಲ್ಲಿ ಇಟ್ಟುಕೊಳ್ಳಿ. ಪರಾವಲಂಬಿಯ ಇನ್ನೊಂದು ಮನೆ ಯಾವುದೆಂಬುದಕ್ಕೆ ಅದೇ ಮೊದಲ ಸುಳಿವು.

ಚುಕ್ಕೆಯಿರುವ ಕಡೆ 2 ಮಿ.ಮೀ. ತುಂಡು ಕತ್ತರಿಸಿ, ಸ್ಲೈಡಿನ ಮೇಲೆ ಒಂದು ಹನಿ ಕಡಲ ನೀರಿನಲ್ಲಿಟ್ಟು, ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲಿನ ರಬ್ಬರ್ ತುದಿಯಿಂದ ನಿಧಾನ ಒತ್ತಿ. 10 ಪಟ್ಟಿನಲ್ಲಿ ತೆಳುಗೋಡೆಯ ಚೀಲ, ಒಳಗೆ ಒತ್ತಾಗಿ ಜೋಡಿಸಿದ ದುಂಡು ಕಾಳುಗಳು ಕಂಡರೆ ಅದೇ ಊಸಿಸ್ಟ್. ಇನ್ನೊಂದಿಷ್ಟು ಒತ್ತಿದರೆ ಗೋಡೆ ಬಿರಿದು, ಚೀಲದ ಬಾಯಿ ಬಿಚ್ಚಿದಾಗ ಸಾಸಿವೆ ಸುರಿದಂತೆ ಸ್ಪೋರೋಸಿಸ್ಟ್‌ಗಳು ಹೊರಹರಿಯುತ್ತವೆ. ಈಗ 40ಕ್ಕೆ ಬನ್ನಿ, ಕಂಡೆನ್ಸರಿನ ಡಯಾಫ್ರಮ್ ಅರ್ಧಕ್ಕಿಂತ ಹೆಚ್ಚು ಮುಚ್ಚಿ. ಬೆಳಕು ಪೂರ್ತಿ ಬಿಟ್ಟರೆ ಪಾರದರ್ಶಕ ಕವಚ ಕಾಣದೆ ಹೋಗುತ್ತದೆ.

ಸ್ಪೋರೋಸಿಸ್ಟಿನಲ್ಲಿ ಮೂರು ವಿಷಯ ನೋಡಬೇಕು: ವ್ಯಾಸ, ಕವಚ ನುಣುಪೋ ಮುಳ್ಳೋ, ಒಳಗೆ ಎಷ್ಟು ಸ್ಪೋರೋಜಾಯ್ಟ್ (ಸೋಂಕು ತರುವ ಎಳೆಯಂಥ ಹಂತ). ಯುರೋಪಿನ ಸಾಮಾನ್ಯ ಆಕ್ಟೋಪಸ್ಸಿನ ಅಗ್ರಿಗೇಟಾ ಆಕ್ಟೋಪಿಯಾನಾಗೆ ಮುಳ್ಳು ಕವಚ. ಅಲ್ಲಿನ ಕಟ್ಲ್‌ಫಿಶ್‌ನ ಅಗ್ರಿಗೇಟಾ ಎಬರ್ಥಿಗೆ ನುಣುಪು ಕವಚ, ಒಳಗೆ ಮೂರು ಸ್ಪೋರೋಜಾಯ್ಟ್. ಕ್ಲಿಫರ್ಡ್ ಡೋಬೆಲ್ 1925ರಲ್ಲಿ ಜೀವನಚಕ್ರ ಬಿಡಿಸಿ ಬರೆದದ್ದು ಈ ಎರಡನೆಯದರದ್ದು.

ಮುಳ್ಳು ನೋಡಲು 100 ಪಟ್ಟಿನ ಎಣ್ಣೆ ಮಸೂರ ಬೇಕು. ಫೋಕಸ್ಸನ್ನು ಕವಚದ ಅಂಚಿನ ಮೇಲೆ ನಿಲ್ಲಿಸಿ ಸೂಕ್ಷ್ಮ ತಿರುಪನ್ನು ಹಿಂದೆ ಮುಂದೆ ಮಾಡಿ. ಅಂಚು ಹಲಸಿನ ಸಿಪ್ಪೆಯಂತೆ ತರಿತರಿಯಾಗಿದ್ದರೆ ಮುಳ್ಳಿದೆ. ಸ್ಪೋರೋಜಾಯ್ಟ್ ಎಣಿಸಲು ಒತ್ತುಕಾಗದವನ್ನು ಕವರ್‌ಸ್ಲಿಪ್ ಅಂಚಿಗಿಟ್ಟು ನೀರು ಎಳೆಯುತ್ತಾ ಹೋಗಿ. ಗಾಜು ಇಳಿದಂತೆ ಕವಚ ಸೀಳಿ, ಒಳಗೆ ಸುತ್ತಿಕೊಂಡಿದ್ದ ಬಾಗಿದ ಸಣ್ಣ ಎಳೆಗಳು ಒಂದೊಂದೇ ಜಾರಿ ಬರುತ್ತವೆ. ಎಣಿಕೆ ಹತ್ತು ಸ್ಪೋರೋಸಿಸ್ಟ್‌ಗಳಲ್ಲಾದರೂ ಆಗಲಿ. ಒಂದರಲ್ಲಿ ಎಣಿಸಿ ನಿಲ್ಲಿಸಿದರೆ ಅಡಿಯಲ್ಲಿ ಅಡಗಿದ್ದು ಲೆಕ್ಕ ತಪ್ಪಿರುತ್ತದೆ.

ಅಳತೆ

ಸ್ಟೇಜ್ ಮೈಕ್ರೋಮೀಟರಿನಲ್ಲಿ 1 ಮಿ.ಮೀ. ಉದ್ದ 100 ಭಾಗವಾಗಿದೆ, ಒಂದು ಭಾಗಕ್ಕೆ 10 ಮೈಕ್ರಾನ್. 40 ಪಟ್ಟಿನಲ್ಲಿ ಐಪೀಸಿನ 100 ಗೆರೆ ಸ್ಟೇಜಿನ 25 ಗೆರೆಗೆ ಹೊಂದಿತೆನ್ನಿ. 25 ಗುಣಿಸು 10 ಅಂದರೆ 250 ಮೈಕ್ರಾನ್, ಅದನ್ನು 100ರಿಂದ ಭಾಗಿಸಿದರೆ ಐಪೀಸಿನ ಒಂದು ಗೆರೆ 2.5 ಮೈಕ್ರಾನ್. ಸ್ಪೋರೋಸಿಸ್ಟ್ 5 ಗೆರೆ ಹಿಡಿದರೆ ಅದು 12.5 ಮೈಕ್ರಾನ್. ಪ್ರತಿ ಮಸೂರಕ್ಕೂ, ಪ್ರತಿ ಸೂಕ್ಷ್ಮದರ್ಶಕಕ್ಕೂ ಈ ಲೆಕ್ಕ ಬೇರೆ. ಪಕ್ಕದ ಮೇಜಿನವರ ಸಂಖ್ಯೆಯನ್ನು ನಿಮ್ಮದಕ್ಕೆ ಹಾಕಬೇಡಿ.

ಕನಿಷ್ಠ 30 ಸ್ಪೋರೋಸಿಸ್ಟ್ ಅಳೆದು ಸರಾಸರಿ, ಅತಿ ಚಿಕ್ಕದು, ಅತಿ ದೊಡ್ಡದು ಮೂರನ್ನೂ ಬರೆಯಿರಿ. ತಾಜಾ ಅಳತೆಯೋ ಫಾರ್ಮಲಿನ್ನಿನದೋ ಎಂದೂ ಬರೆಯಿರಿ, ಏಕೆಂದರೆ ಸ್ಥಿರೀಕರಣದಲ್ಲಿ ಗಾತ್ರ ಕುಗ್ಗುತ್ತದೆ. ಕವರ್‌ಸ್ಲಿಪ್ ಒತ್ತಿ ಚಪ್ಪಟೆಯಾದವನ್ನು ಅಳೆಯಬಾರದು, ಅಗಲ ಹಿಗ್ಗಿರುತ್ತದೆ. ಮೊಬೈಲನ್ನು ಐಪೀಸಿಗೆ ಹಿಡಿದು ಫೋಟೋ ತೆಗೆಯುವುದಾದರೆ ತೆಗೆಯಿರಿ, ಆದರೆ ಐಪೀಸಿನ ಗೆರೆಗಳೂ ಫೋಟೋದಲ್ಲಿ ಬರುವಂತೆ ನೋಡಿಕೊಳ್ಳಿ.

ಸೋಂಕು ಎಷ್ಟು ಎಂದು ಎಣಿಸುವುದು

ಸೀಕಂ ಅಥವಾ ಕರುಳಿನ ಗೋಡೆಯನ್ನು ಫಿಲ್ಟರ್ ಕಾಗದದಲ್ಲಿ ಒತ್ತಿ ತೇವ ತೆಗೆದು 1 ಗ್ರಾಂ ತೂಗಿ. ಶೇ 1ರಷ್ಟು ಟ್ವೀನ್ 80 ಬೆರೆಸಿದ 10 ಮಿ.ಲೀ. ಕಡಲ ನೀರಿನಲ್ಲಿ ಗಾಜಿನ ಹೋಮೋಜಿನೈಸರಿನಿಂದ ಅರೆಯಿರಿ. ಟ್ವೀನ್ ಇಲ್ಲದಿದ್ದರೆ ಸ್ಪೋರೋಸಿಸ್ಟ್‌ಗಳು ಲೋಳೆಗೆ ಅಂಟಿ ಗೊಂಚಲಾಗುತ್ತವೆ, ಎಣಿಕೆ ಒಮ್ಮೆ ನೂರು ಬಂದರೆ ಇನ್ನೊಮ್ಮೆ ಸೊನ್ನೆ ಬರುತ್ತದೆ. 100 ಮೈಕ್ರಾನ್ ನೈಲಾನ್ ಜಾಲರಿಯಲ್ಲಿ ಸೋಸಿ, 1000 ಜಿ ವೇಗದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. 10 ಸೆಂ.ಮೀ. ತ್ರಿಜ್ಯದ ರೋಟರಿಗೆ ಇದು ನಿಮಿಷಕ್ಕೆ ಸುಮಾರು 3000 ಸುತ್ತು. ಮೇಲಿನ ನೀರು ಚೆಲ್ಲಿ, ತಳದಲ್ಲಿ ನಿಂತದ್ದನ್ನು ಮತ್ತೆ 10 ಮಿ.ಲೀ. ಕಡಲ ನೀರಿನಲ್ಲಿ ಕಲಕಿ.

ಪಿಪೆಟ್ಟಿಗೆ ತೆಗೆದುಕೊಳ್ಳುವ ಪ್ರತಿ ಸಲವೂ ಕೊಳವೆಯನ್ನು ತಿರುಗಿಸಿ ಕಲಕಲೇಬೇಕು, ಸ್ಪೋರೋಸಿಸ್ಟ್ ಬೇಗ ತಳ ಸೇರುತ್ತದೆ. ನ್ಯೂಬಾವರ್ ಫಲಕ ತುಂಬಿ ಎರಡು ಮೂರು ನಿಮಿಷ ಸುಮ್ಮನೆ ಬಿಡಿ. ನಾಲ್ಕು ಮೂಲೆಯ ದೊಡ್ಡ ಚೌಕಗಳಲ್ಲಿ ಎಣಿಸಿ. ಮೇಲಿನ ಮತ್ತು ಎಡಗಡೆಯ ಗೆರೆ ಮುಟ್ಟಿದ್ದು ಲೆಕ್ಕಕ್ಕೆ, ಕೆಳಗಿನ ಮತ್ತು ಬಲಗಡೆಯದು ಬೇಡ. ನಾಲ್ಕೂ ಸೇರಿ 88 ಬಂತೆಂದರೆ ಚೌಕಕ್ಕೆ ಸರಾಸರಿ 22. 22ನ್ನು 10,000ದಿಂದ ಗುಣಿಸಿದರೆ ಮಿಲಿಲೀಟರಿಗೆ 2,20,000. ಒಟ್ಟು 10 ಮಿ.ಲೀ., ಅಂಗಾಂಶ 1 ಗ್ರಾಂ, ಹಾಗಾಗಿ ಗ್ರಾಂಗೆ 22 ಲಕ್ಷ ಸ್ಪೋರೋಸಿಸ್ಟ್. ಒಂದೇ ಮಾದರಿಯನ್ನು ಮೂರು ಸಲ ತುಂಬಿ ಎಣಿಸಿ. ಮೂರೂ ಒಂದಕ್ಕೊಂದು ದೂರವಿದ್ದರೆ ಕಲಕುವುದರಲ್ಲಿ ತಪ್ಪಾಗಿದೆ.

ಕೋಳಿಗಳ ಕಾಕ್ಸಿಡಿಯಾ (ಮೊದಲು ಹೇಳಿದ ಐಮೇರಿಯಾದಂಥವು) ಕೆಲಸ ಮಾಡಿ ಬಂದವರು ಇಲ್ಲಿಯೂ ಪೊಟ್ಯಾಸಿಯಂ ಡೈಕ್ರೋಮೇಟ್ ತರುತ್ತಾರೆ. ಅದರ ಅಗತ್ಯವಿಲ್ಲ. ಕೋಳಿಯ ಊಸಿಸ್ಟ್ ಹೊರಬಿದ್ದ ಮೇಲೆ ಬಲಿಯುತ್ತದೆ, ಅಗ್ರಿಗೇಟಾದ್ದು ಆಕ್ಟೋಪಸ್ಸಿನ ಒಳಗೇ ಬಲಿತಿರುತ್ತದೆ. ಸೋಸಿದ ಕಡಲ ನೀರಿನಲ್ಲಿ 4 ಡಿಗ್ರಿಯಲ್ಲಿಟ್ಟರೆ ಕೆಲವು ದಿನ ಸಾಕು.

ಬಣ್ಣದ ಲೇಪ ಮತ್ತು ಸೆಕ್ಷನ್

ಜೀಮ್ಸಾ ಲೇಪಕ್ಕೆ ತುಂಡನ್ನು ಮೊದಲು ಒತ್ತುಕಾಗದದಲ್ಲಿ ಚೆನ್ನಾಗಿ ಒತ್ತಿ ಆಮೇಲೆ ಸ್ಲೈಡಿಗೆ ತಾಗಿಸಿ. ಕಡಲ ನೀರು ಉಳಿದರೆ ಉಪ್ಪಿನ ಹರಳು ಒಣಗಿ ಸ್ಲೈಡೆಲ್ಲ ಜರಿಗಿಡದ ಚಿತ್ರವಾಗುತ್ತದೆ. ಗಾಳಿಯಲ್ಲಿ ಒಣಗಿಸಿ, ಮೀಥೈಲ್ ಆಲ್ಕೋಹಾಲಿನಲ್ಲಿ 3–5 ನಿಮಿಷ, ಆಮೇಲೆ 1 ಭಾಗ ಜೀಮ್ಸಾ, 9 ಭಾಗ 7.2 ಪಿಎಚ್‌ನ ಬಫರ್ ಬೆರೆಸಿ 30 ನಿಮಿಷ. ಮಿಶ್ರಣ ಆಗಲೇ ಮಾಡಿದ್ದಿರಲಿ, ಬೆಳಗಿನದನ್ನು ಸಂಜೆಗೆ ಬಳಸಿದರೆ ಬಣ್ಣದ ಕಸ ಕೂರುತ್ತದೆ.

ಸೆಕ್ಷನ್ನಿಗೆ ತುಂಡು 5 ಮಿ.ಮೀ. ದಪ್ಪ ಮೀರಬಾರದು, ಫಾರ್ಮಲಿನ್ ತುಂಡಿನ ಹತ್ತು ಪಟ್ಟಾದರೂ ಇರಲಿ, 24ರಿಂದ 48 ಗಂಟೆ. ನಂತರ ಶೇ 70, 80, 95, ಶುದ್ಧ ಆಲ್ಕೋಹಾಲ್ ಎರಡು ಸಲ, ಒಂದೊಂದು ಗಂಟೆ. ಕ್ಸೈಲೀನ್ ಎರಡು ಸಲ, ಅರ್ಧರ್ಧ ಗಂಟೆ. 58–60 ಡಿಗ್ರಿಯ ಮೇಣ ಮೂರು ಸಲ. ಕ್ಸೈಲೀನ್‌ನಲ್ಲಿ ಮರೆತು ಬಿಟ್ಟರೆ ಆಕ್ಟೋಪಸ್ಸಿನ ಸ್ನಾಯು ಒಣಮೀನಿನಂತೆ ಗಡುಸಾಗಿ ಬ್ಲೇಡನ್ನೇ ತಿನ್ನುತ್ತದೆ. ಕ್ಸೈಲೀನ್ ಹಾಲಿನಂತೆ ಬೆಳ್ಳಗಾದರೆ ಆಲ್ಕೋಹಾಲಿನಲ್ಲಿ ನೀರು ಸೇರಿದೆ ಎಂದರ್ಥ. ಮಳೆಗಾಲದಲ್ಲಿ ತೆರೆದಿಟ್ಟ ಬಾಟಲಿಯಿಂದ ಹೀಗಾಗುವುದು ಜಾಸ್ತಿ. ಹಿಂದಿನ ಶುದ್ಧ ಆಲ್ಕೋಹಾಲಿಗೆ ಮರಳಿಸಿ, ಅದೂ ಹೊಸ ಬಾಟಲಿಯದ್ದಿರಲಿ. ಏಪ್ರಿಲ್, ಮೇ ಸೆಕೆಗೆ ಮೇಣದ ಅಚ್ಚು ಮೆತ್ತಗಾಗಿ ರಿಬ್ಬನ್ ಸುಕ್ಕುಗಟ್ಟುತ್ತದೆ. ಅಚ್ಚನ್ನು 15 ನಿಮಿಷ ಐಸಿನ ಮೇಲಿಟ್ಟು 5 ಮೈಕ್ರಾನ್ ಕತ್ತರಿಸಿ. ಬಣ್ಣಕ್ಕೆ ಎಂದಿನ ಹೆಮಟಾಕ್ಸಿಲಿನ್, ಇಯೋಸಿನ್ ಸಾಕು.

ಒಳ್ಳೆಯ ಸೆಕ್ಷನ್ನಿನಲ್ಲಿ ಹಂತಗಳೆಲ್ಲ ಅಕ್ಕಪಕ್ಕದಲ್ಲೇ ಸಿಗಬಹುದು. ದೊಡ್ಡ ದುಂಡು ಕೋಶ, ಮಧ್ಯದಲ್ಲಿ ಒಂದೇ ಕೋಶಕೇಂದ್ರ, ಅದರೊಳಗೆ ಕಡುಬಣ್ಣದ ನ್ಯೂಕ್ಲಿಯೋಲಸ್ ಇದ್ದರೆ ಹೆಣ್ಣು ಹಂತ. ಅಂಚಿನುದ್ದಕ್ಕೂ ನೀಲಿ ಚುಕ್ಕೆ ಪೋಣಿಸಿದಂತಿದ್ದರೆ ಗಂಡು ಹಂತ. ಮೇಲ್ಮೈ ಮಡಿಕೆ ಮಡಿಕೆಯಾಗಿ ಒಳಸರಿದು ಕೋಶಕೇಂದ್ರಗಳು ಆ ಮಡಿಕೆಗಳಲ್ಲಿ ಸಾಲುಗಟ್ಟಿದ್ದರೆ ಸ್ಪೋರೋಸಿಸ್ಟ್ ರೂಪುಗೊಳ್ಳುತ್ತಿದೆ. ಆಶ್ರಯ ಕೊಟ್ಟ ಕೋಶ ಉಬ್ಬಿ ಅದರ ಕೋಶಕೇಂದ್ರ ಒಂದು ಮೂಲೆಗೆ ಒತ್ತಿಹೋಗಿರುತ್ತದೆ. ಒಳಪದರ ಎಲ್ಲಿ ಕಳಚಿದೆ, ರಕ್ತಕೋಶಗಳು ಎಲ್ಲಿ ಮುತ್ತಿವೆ ಎಂಬುದನ್ನೂ ಬರೆದುಕೊಳ್ಳಿ. ಸುತ್ತ ರಕ್ತಕೋಶಗಳ ಮುತ್ತಿಗೆಯೇ ಇಲ್ಲದೆ ಬರೀ ಪದರ ಕಳಚಿದ್ದರೆ ಅದು ಸತ್ತ ಮೇಲಿನ ಕೊಳೆತವೇ ಇರಬಹುದು, ಪರಾವಲಂಬಿಯ ತಲೆಗೆ ಕಟ್ಟಬೇಡಿ.

ಹೆಸರಿಡುವ ಮುನ್ನ

ಮುಳ್ಳು ಕವಚ ಕಂಡ ಕೂಡಲೇ ಅಗ್ರಿಗೇಟಾ ಆಕ್ಟೋಪಿಯಾನಾ ಎಂದು ಬರೆಯಬೇಡಿ. ಆ ಹೆಸರು ಬಂದದ್ದು ಯುರೋಪಿನ ಕಡಲಿನ ಬೇರೆ ಆಕ್ಟೋಪಸ್ಸಿನಿಂದ. ಅರಬ್ಬೀ ಕಡಲಿನ ಸಿಸ್ಟೋಪಸ್ಸಿನಲ್ಲಿ, ಆಂಫಿಯಾಕ್ಟೋಪಸ್ಸಿನಲ್ಲಿ ಸಿಕ್ಕದ್ದು ಅದೇ ಆಗಬೇಕೆಂದಿಲ್ಲ. ಅಳತೆ, ಮುಳ್ಳು, ಸ್ಪೋರೋಜಾಯ್ಟ್ ಸಂಖ್ಯೆ, ಆಶ್ರಯದ ಜಾತಿ ಇವನ್ನು ಬರೆದು "ಅಗ್ರಿಗೇಟಾ, ಜಾತಿ ನಿಶ್ಚಯವಾಗಿಲ್ಲ" ಎಂದಿಡಿ. ಅದೇ ಪ್ರಾಣಿಯ ಒಂದು ತುಂಡು ಎಥನಾಲಿನಲ್ಲಿ ಇದ್ದರೆ ಮುಂದೆ ಡಿಎನ್‌ಎ ನೋಡಿ ಹೇಳಬಹುದು. 24 ಗಂಟೆಯ ನಂತರ ಆ ಎಥನಾಲನ್ನು ಒಮ್ಮೆ ಬದಲಿಸಿ, ಅಂಗಾಂಶದ ನೀರು ಅದನ್ನು ತೆಳುವಾಗಿಸಿರುತ್ತದೆ. ಬೂಯಾನ್‌ನಲ್ಲಿ ಮುಳುಗಿದ್ದರಿಂದ ಡಿಎನ್‌ಎ ಆಸೆ ಬೇಡ.

ಸಾಧ್ಯವಾದರೆ ಅದೇ ಬಲೆಯಲ್ಲಿ ಬಂದ ಏಡಿಗಳನ್ನೂ ಕೊಳ್ಳಿ, ಇಲ್ಲಿಯವರು ಚಿಂಬೋರಿ ಅನ್ನುವುದೇ. ಕರುಳಿನ ಗೋಡೆಯನ್ನು ಹೀಗೇ ಒತ್ತಿ ನೋಡಿ. ಗೋಡೆಯೊಳಗೆ ಚೀಲಗಳು, ಅವುಗಳಲ್ಲಿ ಸ್ಪೋರೋಸಿಸ್ಟಿನಂಥ ಕವಚವಿಲ್ಲದೆ ಬರಿಯ ಬಾಗಿದ ಎಳೆಗಳ ಕಟ್ಟು ಸಿಕ್ಕರೆ ಅದು ಅಲೈಂಗಿಕ ಹಂತ ಇರಬಹುದು. ಸಿಕ್ಕದಿದ್ದರೂ ಎಷ್ಟು ಏಡಿ ನೋಡಿದಿರಿ ಎಂದು ಬರೆದಿಡಿ. ನೋಡಿಯೂ ಸಿಗಲಿಲ್ಲ ಎಂಬ ಲೆಕ್ಕಕ್ಕೂ ಸಿಕ್ಕಿತು ಎಂಬ ಲೆಕ್ಕದಷ್ಟೇ ಬೆಲೆಯಿದೆ.

ಕೆಲಸ ಮುಗಿದ ಮೇಲೆ ಫಾರ್ಮಲಿನ್, ಕ್ಸೈಲೀನ್ ಉಳಿಕೆ ಸಿಂಕಿಗೆ ಹೋಗಬಾರದು. ಬೇರೆ ಬೇರೆ ಕ್ಯಾನಿನಲ್ಲಿ ಹೆಸರು ಬರೆದು ಕಾಲೇಜಿನ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ. ಕೊಯ್ದ ಆಕ್ಟೋಪಸ್ಸಿನ ಉಳಿದ ಮಾಂಸ ಅಡುಗೆಗೆ ಬೇಡ, ಮೇಜಿನ ಮೇಲಿನ ಫಾರ್ಮಲಿನ್ ತಾಗಿರುತ್ತದೆ. ಎಣ್ಣೆ ಮಸೂರವನ್ನು ಲೆನ್ಸ್ ಕಾಗದದಲ್ಲಿ ಒರೆಸಿ, ಸೂಕ್ಷ್ಮದರ್ಶಕಕ್ಕೆ ಹೊದಿಕೆ ಹಾಕಿ ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೇವಕ್ಕೆ ಮಸೂರದೊಳಗೆ ಬೂಷ್ಟು ಹಿಡಿಯುತ್ತದೆ. ಜೆಲ್ ಹರಳು ನೀಲಿಯಿಂದ ಗುಲಾಬಿಗೆ ತಿರುಗಿದ ಕೂಡಲೇ ಓವನ್ನಿನಲ್ಲಿ ಒಣಗಿಸಿ, ನೀಲಿಯಾದ ಮೇಲೆ ಮತ್ತೆ ಒಳಗಿಡಿ.